ಮೂರನೇ ಮಹಡಿಯ ಮೆಟ್ಟಿಲು

ನಮ್ಮ ಕಚೇರಿಯಲ್ಲಿ ಅವರನ್ನು ಚಕ್ರದಕ್ಕ ಎಂದೇ ಕರೆಯುತ್ತೇವೆ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವರು. ಮಕ್ಕಳನ್ನು ಸಾಕಲು ಹೆಣಗುತ್ತಿರುವ ತಂದೆತಾಯಿಯರ ಮನೆಗೆ ಹೋಗಿ ಕೈಜೋಡಿಸುವುದು ನಮ್ಮ ಕೆಲಸ. ನಾನು ಒಂದು ಮನೆಯಲ್ಲಿ ಕ್ಷೇಮಸಮಾಚಾರ ಕೇಳಿ ಮುಗಿಸುವಷ್ಟರಲ್ಲಿ ಅವರು ಮೂರು ಮನೆ ಸುತ್ತಿ ಬಂದಿರುತ್ತಾರೆ. ಸುಳ್ಳೇಕೆ ಹೇಳಲಿ, ನನಗೆ ಹೊಟ್ಟೆಕಿಚ್ಚೂ ಇತ್ತು.

ಕಳೆದ ತಿಂಗಳು ಅವರ ಪಾಲಿಗೆ ಬಂದದ್ದು ಮೂರನೇ ಮಹಡಿಯ ಒಂದು ಮನೆ. ಇಸ್ತ್ರಿ ಅಂಗಡಿಯಲ್ಲಿ ದುಡಿಯುವ ಒಂಟಿ ತಾಯಿ, ಸದಾ ರಚ್ಚೆ ಹಿಡಿಯುವ ಐದು ತಿಂಗಳ ಕೂಸು. ಕೂಸಿನ ತೋಳಿನ ಮೇಲೆ ಬೆರಳಿನ ಗುರುತು ಕಂಡು ಆಸ್ಪತ್ರೆಯವರು ನಮಗೆ ತಿಳಿಸಿದ್ದರು. ಅದು ತಾಯಿಯ ಹತ್ತಿರ ಉಳಿಯಬೇಕೋ, ಪಾಲನಾ ಕೇಂದ್ರಕ್ಕೆ ಹೋಗಬೇಕೋ ಎಂಬುದು ಶುಕ್ರವಾರದ ಸಭೆಯಲ್ಲಿ ತೀರ್ಮಾನವಾಗಬೇಕಿತ್ತು. ಅದಕ್ಕೆ ಆಧಾರ ಚಕ್ರದಕ್ಕನ ವರದಿ.

ಗುರುವಾರ ಅವರು ಮುಂಚೆ ತಿಳಿಸದೆ ಹೋದರು. ಎರಡನೇ ಮಹಡಿಗೇ ಕೂಸಿನ ಕಿರುಚಾಟ ಕೇಳಿಸಿತು. ಎರಡೆರಡು ಮೆಟ್ಟಿಲು ಹಾರಿ ಹತ್ತಿದರೆ, ಮುಚ್ಚಿದ ಬಾಗಿಲ ಹೊರಗೆ ಮೆಟ್ಟಿಲ ಮೇಲೆ ತಾಯಿ ಮೊಣಕಾಲು ಅಪ್ಪಿಕೊಂಡು ಕೂತಿದ್ದಾಳೆ. ಚಕ್ರದಕ್ಕನ ಪಿತ್ತ ನೆತ್ತಿಗೇರಿತು. ಅವಳನ್ನು ದಾಟಿ ಒಳಗೆ ನುಗ್ಗಿ ಕೂಸನ್ನು ಎತ್ತಿಕೊಂಡರು. ಅತ್ತು ಅತ್ತು ಗಂಟಲು ಕಟ್ಟಿತ್ತು, ಮೈಮೇಲೆ ಮಾತ್ರ ಒಂದು ಗೀರೂ ಇರಲಿಲ್ಲ. ಕೂಸನ್ನು ಒಂಟಿಯಾಗಿ ಬಿಟ್ಟಿದ್ದಳು ಎಂಬ ಸಾಲನ್ನು ಅಷ್ಟರಲ್ಲೇ ಮನಸ್ಸಿನಲ್ಲಿ ಬರೆದಾಗಿತ್ತಂತೆ. ಬಾಗಿಲಿಗೆ ಬಂದು, ನೀನೊಬ್ಬ ತಾಯಿಯಾ ಎಂದು ಗದರಿದರು.

ಅವಳು ಗಾಬರಿಯಿಂದ ಎದ್ದು ನಿಂತಳು. "ನೀವೇ ಹೇಳಿದ್ರಲ್ಲ ಅಕ್ಕ. ಕೈ ಎತ್ತೋಷ್ಟು ಸಿಟ್ಟು ಬಂದ್ರೆ ಮಗೂನ ತೊಟ್ಟಿಲಲ್ಲಿ ಮಲಗಿಸಿ ಹೊರಗೆ ಹೋಗಿ ಕೂತ್ಕೋ ಅಂತ."

ಹೌದು, ಹೇಳಿದ್ದರು. ಮೊದಲ ದಿನ, ಇನ್ನೊಂದು ಮನೆಗೆ ಹೊತ್ತಾಯಿತೆಂದು ಚಪ್ಪಲಿ ಮೆಟ್ಟುತ್ತಾ ಆಡಿದ ಮಾತು. ಎಷ್ಟು ಹೊತ್ತಿನಿಂದ ಕೂತಿದ್ದೀಯ ಎಂದು ಕೇಳಿದರು. ಅರ್ಧ ಗಂಟೆ ದಾಟಿತ್ತು. ಅವಳ ಸಿಟ್ಟು ಯಾವಾಗಲೋ ಇಳಿದಿತ್ತು, ಒಳಗೆ ಹೋಗಲು ಜೀವ ಒದ್ದಾಡುತ್ತಿತ್ತು.

"ಮತ್ತೆ ಯಾಕೆ ಹೋಗ್ಲಿಲ್ಲ?"

"ಯಾವಾಗ ವಾಪಸ್ ಹೋಗ್ಬೇಕು ಅಂತ ನೀವು ಹೇಳ್ಲೇ ಇಲ್ವಲ್ಲ ಅಕ್ಕ."

ಚಕ್ರದಕ್ಕನಿಗೆ ನಾಚಿಕೆಯಾಯಿತು. ಕೂಸನ್ನು ಅವಳ ಕೈಗೆ ಕೊಟ್ಟು, ಯಾರ ಮನೆಯಲ್ಲೂ ಕೂರದವರು ಆ ಮೆಟ್ಟಿಲ ಮೇಲೆ ಕೂತುಬಿಟ್ಟರು. ಅವರು ಅವತ್ತು ಹೋಗಬೇಕಿದ್ದ ಉಳಿದ ಎರಡು ಮನೆಗಳಿಗೆ ನಾನು ಹೋದೆ.

ವರದಿಯಲ್ಲಿ ತಮ್ಮ ತಪ್ಪನ್ನೇ ಮೊದಲು ಬರೆದರು. ಕೂಸು ತಾಯಿಯ ಹತ್ತಿರ ಉಳಿಯಿತು. ಅಲ್ಲಿಗೆ ನಿಶ್ಚಿಂತೆ ಎಂದುಕೊಂಡೆ, ಎಲ್ಲಿಯ ನಿಶ್ಚಿಂತೆ! ಹತ್ತು ವರ್ಷದ ಹಳೇ ಫೈಲುಗಳೆಲ್ಲ ಈಗ ಅವರ ಮೇಜಿನ ಮೇಲಿವೆ. ಬೆಳಗಾದರೆ ಒಂದೊಂದು ವಿಳಾಸ ಹಿಡಿದು ಹೊರಡುತ್ತಾರೆ. ಯಾವ ಬಾಗಿಲಲ್ಲಿ ಇನ್ಯಾವ ಮಾತನ್ನು ಅರ್ಧಕ್ಕೆ ಬಿಟ್ಟು ಬಂದಿದ್ದಾರೋ, ಕೇಳಿ ಬರಲು.