ನಲವತ್ತು ಸಸಿಗಳ ಬಾಬತ್ತು

ಬಿಳಿಚೋಡಿನ ಕಡೆಯಿಂದ ಜಗಳೂರಿಗೆ ಹೋಗುವ ಬಸ್ಸು ನಿಲ್ಲುವ ಊರುಗಳಲ್ಲಿ ಕೆಂಗುಡ್ಡವೂ ಒಂದು. ಎಪ್ಪತ್ತೈದರಲ್ಲಿ ಅದಕ್ಕೆ ಟೌನ್ ಪಂಚಾಯ್ತಿ ಬಂತು. ನಿನ್ನೆಯವರೆಗೆ ಹಳ್ಳಿಯಾಗಿದ್ದದ್ದು ಇವತ್ತೇ ಪಟ್ಟಣವಾಗಬೇಕೆಂದು ಊರಿಗೆ ಊರೇ ಹಟ ತೊಟ್ಟ ಕಾಲ. ಆಗಸ್ಟ್ ಹದಿನೈದರಂದು ಧ್ವಜ ಹಾರಿದ ಮೇಲೆ ಛೇರ್ಮನ್ನರು ಕನ್ನಡಕ ಏರಿಸಿ ಆ ವರ್ಷದ ಸಾಧನೆಗಳನ್ನು ಓದುತ್ತಿದ್ದರು. ಬೋರ್‌ವೆಲ್ಲು ಎರಡು, ಚರಂಡಿ ನೂರೈವತ್ತು ಅಡಿ, ಟ್ಯೂಬ್‌ಲೈಟು ಹನ್ನೊಂದು. ಕೊನೆಯ ಬಾಬತ್ತು ಮಾತ್ರ ವರ್ಷವರ್ಷವೂ ಅದೇ: ಬಸ್‌ಸ್ಟ್ಯಾಂಡ್ ರಸ್ತೆಯಲ್ಲಿ ನೆಟ್ಟ ಸಸಿ, ನಲವತ್ತು. ಜನ ಚಪ್ಪಾಳೆ ತಟ್ಟುತ್ತಿದ್ದರು, ಮಕ್ಕಳು ಪೆಪ್ಪರ್‌ಮಿಂಟು ಈಸಿಕೊಂಡು ಮನೆಗೆ ಓಡುತ್ತಿದ್ದರು.

ಆ ನಲವತ್ತಕ್ಕೆ ನೀರು ಹಾಕುವ ದಿನಗೂಲಿ ದುರುಗಮ್ಮನದು. ಎಪ್ಪತ್ತಾರರಲ್ಲಿ ಸೇರಿದಾಗ ಅವಳಿಗೆ ಇಪ್ಪತ್ತೆಂಟೋ ಮೂವತ್ತೋ. ಗಂಡ ಚಿತ್ತಪ್ಪ ಆಡು ಕಾಯುವವನು. ಹೆಂಡತಿ ಸಸಿ ಬೆಳೆಸುವವಳು, ಗಂಡನದು ಸಸಿ ಕಂಡರೆ ನಾಲಗೆ ಚಾಚುವ ಮಂದೆ! ಎಂಥ ಜೋಡಿ ಹಾಕಿದನಪ್ಪಾ ದೇವರು ಎಂದು ಊರವರು ನಗುತ್ತಿದ್ದರು.

ಮೊದಲ ಎರಡು ವರ್ಷ ದುರುಗಮ್ಮ ಹೇಳಿದಷ್ಟು ಮಾಡಿದಳು. ಬೇಸಿಗೆಯಲ್ಲಿ ಬೋರಿನ ನೀರು ಜನಕ್ಕೆ ಮಾತ್ರ, ಗಿಡಕ್ಕಿಲ್ಲ ಎಂದು ಪಂಚಾಯ್ತಿಯಲ್ಲಿ ಹೇಳಿದರು. ಇವಳು ಕೊಡ ಕೆಳಗಿಟ್ಟಳು. ಹಾಲು ಕುಡಿದ ಮಕ್ಕಳೇ ಬದುಕೊಲ್ಲ ಎನ್ನುವ ಆ ನೆಲದಲ್ಲಿ ನೀರು ಕಾಣದ ಸಸಿ ಉಳಿದೀತೆ? ಯುಗಾದಿಗೆ ಎಲ್ಲ ಕಡ್ಡಿ. ಜುಲೈಯಲ್ಲಿ ಛೇರ್ಮನ್ನರು ಬಂದು ಅವೇ ಗುಂಡಿಗಳಲ್ಲಿ ಹೊಸ ಹೊಂಗೆ, ಹೊಸ ಬೇವು ಇಟ್ಟು ಫೋಟೋ ಹೊಡೆಸಿಕೊಂಡರು.

ಕಡ್ಡಿಗಳನ್ನು ನೋಡಿ ಅವಳು ಮುಖ ಸಣ್ಣಗೆ ಮಾಡಿಕೊಂಡು ನಿಂತಿದ್ದಾಗ ಗುಮಾಸ್ತ ಧರ್ಮಪ್ಪ ಬುದ್ಧಿ ಹೇಳಿದ. ಕೆಟ್ಟವನೇನಲ್ಲ, ಲೆಕ್ಕದ ಮನುಷ್ಯ.

"ಸಸಿ ಸತ್ರೇನೆ ನಿನ್ನ ಕೆಲಸ ಉಳಿಯೋದು ದುರುಗಮ್ಮ. ಬದುಕಿ ನಿಂತ್ರೆ ಮುಂದಿನ ವರ್ಷ ನೆಡಾಕೆ ಗುಂಡಿ ಎಲ್ಲೈತೆ? ನೀರು ಹಾಕಾಕೆ ಆಳು ಯಾಕೆ? ಹತ್ತು ವರ್ಷ ನಿನ್ನ ಹೆಸರು ಮಸ್ಟರ್ ರೋಲ್‌ನಾಗೆ ಇದ್ರೆ ಕಾಯಂ ಮಾಡ್ತಾರೆ. ಮುಪ್ಪಿಗೆ ಪಿಂಚಣಿ. ಸುಮ್ನೆ ಇರು."

ಕಾಯಂ! ಆ ಮಾತು ದುರುಗಮ್ಮನ ಎದೆಯಲ್ಲಿ ನಾಟಿತು. ಮಳೆ ಬಂದರೆ ಕೂಲಿ, ಇಲ್ಲದಿದ್ದರೆ ಗಂಜಿ ಎಂದು ಬದುಕಿದ ಮನೆತನ ಅವಳದು. ಆಸೆಪಟ್ಟದ್ದು ತಪ್ಪೇ?

ಆದರೆ ಅವಳಿಗೊಂದು ಹುಚ್ಚಿತ್ತು. ನಡುಮಧ್ಯಾಹ್ನ, ರಸ್ತೆ ಬಿಸಿ ಹೆಂಚಿನಂತೆ ಕಾದಿರುವಾಗ, ಅವಳಿಗೆ ಇಲ್ಲದ ನೆರಳು ಕಾಣುತ್ತಿತ್ತು. ಇಲ್ಲಿ ಹೊಂಗೆಯ ನೆರಳು, ದಟ್ಟ, ತಣ್ಣಗೆ. ಅಲ್ಲಿ ಬೇವಿನದು, ಜರಡಿ ಹಿಡಿದಂತೆ ತೂತುತೂತು. ಮೊಳಕಾಲೆತ್ತರದ ಕಡ್ಡಿಯ ಪಕ್ಕ ನಿಂತು, ಇದು ಮರವಾದರೆ ಈ ಹೊತ್ತಿಗೆ ನೆರಳು ಎಲ್ಲಿ ಬಿದ್ದೀತು ಎಂದು ಅಂದಾಜು ಮಾಡಿ, ಸರಿಯಾಗಿ ಅಲ್ಲೇ ಕೂತು ಬುತ್ತಿ ಬಿಚ್ಚುತ್ತಿದ್ದಳು. ಬೆವರು ಧಾರೆಯಾಗಿ ಇಳಿಯುತ್ತಿದ್ದರೂ ಮುಖದಲ್ಲಿ ತಂಪು. ಬಸ್ಸಿನವರು ಕಿಟಕಿಯಿಂದ ನೋಡಿ, ಪಾಪ, ಬಿಸಿಲು ತಲೆಗೇರಿದೆ ಎನ್ನುತ್ತಿದ್ದರು.

ಹಾಗಾಗಿಯೇ ಮೂರನೆಯ ಬೇಸಿಗೆಯಲ್ಲಿ ಅವಳಿಂದ ಸುಮ್ಮನಿರಲಾಗಲಿಲ್ಲ. ಜಮಾಲ್ ಸಾಬರ ಚಹಾದಂಗಡಿಯಲ್ಲಿ ಲೋಟ ತೊಳೆದ ನೀರು ಬೀದಿಗೆ ಹರಿಯುತ್ತಿತ್ತು. ಅದನ್ನು ಕೇಳಿ ಪಡೆದು ಕೊಡಕ್ಕೆ ತುಂಬಿಕೊಂಡಳು. ಸಕ್ಕರೆ ನೀರಿಗೆ ಗಿಡದ ಬುಡಕ್ಕೆ ಇರುವೆ ಸಾಲು ಹತ್ತಿತು, ಹತ್ತಲಿ ಎಂದಳು. ಸುತ್ತ ಜಾಲಿಮುಳ್ಳು ಕಟ್ಟಿ, ಗಂಡನ ಆಡುಗಳನ್ನು ಕಲ್ಲು ಬೀಸಿ ಓಡಿಸಿದಳು. ಆ ರಾತ್ರಿ ಮನೆಯಲ್ಲಿ ಮುನಿದ ಚಿತ್ತಪ್ಪ ನಾಲ್ಕು ದಿನ ಅವಳೊಡನೆ ಮಾತಾಡಲಿಲ್ಲ. ಯುಗಾದಿ ಕಳೆಯಿತು. ನಲವತ್ತರಲ್ಲಿ ಮೂವತ್ತಾರು ಸಸಿ ಹಸಿರಾಗಿ ನಿಂತಿದ್ದವು.

ಜುಲೈ ಬಂತು. ಧರ್ಮಪ್ಪ ರಸ್ತೆಗೆ ಬಂದವನೇ ತಲೆ ಮೇಲೆ ಕೈ ಹೊತ್ತ. ನಾಳೆ ಛೇರ್ಮನ್ನರು ಸಸಿ ಎಲ್ಲಿ ನೆಡಬೇಕು? ಇವತ್ತೇ ಎಲ್ಲ ಕಿತ್ತು ಗುಂಡಿ ಖಾಲಿ ಮಾಡು, ಇಲ್ಲವಾದರೆ ನಾಳೆಯಿಂದ ನಿನ್ನ ಹೆಸರಿಲ್ಲ ಎಂದ. ದುರುಗಮ್ಮ ಹಾರೆ ಹಿಡಿದು ಮೊದಲ ಹೊಂಗೆಯ ಮುಂದೆ ಕೂತಳು. ಬಹಳ ಹೊತ್ತು ಕೂತಳು. ಕೈ ಏಳಲಿಲ್ಲ. ಎದ್ದು, ಕೊನೆಯ ಸಸಿಯನ್ನು ದಾಟಿ, ಊರಾಚೆಯ ಕಲ್ಲುಹರಳಿನ ಗೊರಚು ನೆಲಕ್ಕೆ ಹಾರೆ ಹಾಕಿದಳು. ಮಾರನೆಯ ದಿನ ಹತ್ತು ಗಂಟೆಯ ಹೊತ್ತಿಗೆ ಅಂಗೈ ತುಂಬ ಬೊಬ್ಬೆ, ರಸ್ತೆಯಂಚಿಗೆ ಹೊಸ ಗುಂಡಿ ನಲವತ್ತು. ಛೇರ್ಮನ್ನರಿಗೆ ಗುಂಡಿಯಾದರೆ ಸಾಕು, ಎಲ್ಲಿಯದಾದರೇನು? ನೆಟ್ಟರು, ನಕ್ಕರು, ಫೋಟೋ ಆಯಿತು.

ಅಲ್ಲಿಂದ ಅದೇ ಪದ್ಧತಿ. ವರ್ಷವರ್ಷವೂ ಗುಂಡಿಗಳು ಮುಂದೆ ಹೋದವು, ಜಮಾಲ್ ಸಾಬರ ಅಂಗಡಿ ದೂರವಾಯಿತು, ಕೊಡ ಹೊತ್ತ ದಾರಿ ಉದ್ದವಾಯಿತು. ಕೆಂಗುಡ್ಡದಲ್ಲಿ ಟ್ಯೂಬ್‌ಲೈಟು ಕೆಟ್ಟವು, ಚರಂಡಿ ಹೂತುಹೋಯಿತು, ಒಂದು ಬೋರು ಬತ್ತಿತು. ಬಿಡಿ, ಊರೆಂದ ಮೇಲೆ ಇವೆಲ್ಲ ಇದ್ದದ್ದೇ. ರಸ್ತೆ ಮಾತ್ರ ಹಸಿರಾಗುತ್ತ ನಡೆಯಿತು.

ಎಂಬತ್ತಾರರ ಬೇಸಿಗೆಯಲ್ಲಿ ಚಿತ್ರದುರ್ಗದಿಂದ ತಿಪ್ಪೇರುದ್ರಸ್ವಾಮಿ ಎಂಬ ಅಧಿಕಾರಿ ಬಂದರು, ಹತ್ತು ವರ್ಷ ಪೂರೈಸಿದ ದಿನಗೂಲಿಗಳ ಪಟ್ಟಿ ಮಾಡಲು. ಬೀರು ತೆಗೆದರೆ ಹಳೆಯ ಮಸ್ಟರ್ ರೋಲುಗಳನ್ನು ಗೆದ್ದಲು ಪುಡಿ ಮಾಡಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ, ಇಲ್ಲಿ ಪೂಜಾರಿಯ ಕೆಲಸವನ್ನು ಗೆದ್ದಲು ಮಾಡಿತ್ತು. ಹತ್ತು ವರ್ಷ ದುಡಿದದ್ದಕ್ಕೆ ಏನಮ್ಮಾ ಸಾಕ್ಷಿ ಎಂದರು ಸಾಹೇಬರು.

ದುರುಗಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಆಮೇಲೆ, "ಬರ್ರಿ ಸ್ವಾಮಿ, ತೋರುಸ್ತೀನಿ" ಎಂದು ಹೊರಗೆ ಕರೆದುಕೊಂಡು ಹೋದಳು.

ಬಸ್‌ಸ್ಟ್ಯಾಂಡಿನ ಹತ್ತಿರ ಮರಗಳು ಎರಡಾಳೆತ್ತರ. ಇವು ಎಪ್ಪತ್ತೆಂಟರವು ಎಂದಳು. ಮುಂದಿನವು ಒಂದು ಗೇಣು ಗಿಡ್ಡ, ಎಪ್ಪತ್ತೊಂಬತ್ತರವು. ಅದರಾಚೆ ಎಂಬತ್ತರವು. ಸಾಹೇಬರು ನೆರಳಿನಿಂದ ನೆರಳಿಗೆ ನಡೆದರು, ಕೈಯಲ್ಲಿದ್ದ ಕೊಡೆ ಮಡಚಿದರು. ಸಾಲು ಮೆಟ್ಟಿಲಿನಂತೆ ಇಳಿಯುತ್ತ ಕೊನೆಗೆ ಮೊಳಕಾಲಿಗೆ ಬಂದು ನಿಂತಿತು. ಕಳೆದ ವರ್ಷದವು. ಅವರು ಬೆರಳು ಮಡಚಿ ಎಣಿಸಿದರು. ಎಂಟು.

"ಎಪ್ಪತ್ತಾರು, ಎಪ್ಪತ್ತೇಳರವು ಬಸ್‌ಸ್ಟ್ಯಾಂಡಿನ ಆ ಕಡೆ ಅದಾವೆ ಸಾರ್," ಎಂದ ಧರ್ಮಪ್ಪ ತಕ್ಷಣ. ಆ ಕಡೆಯೂ ಯಾರದೋ ಹಿತ್ತಿಲ ಹೊಂಗೆಗಳಿದ್ದವು. ಸಾಹೇಬರು ಹೌದೇನಮ್ಮಾ ಎಂದು ದುರುಗಮ್ಮನತ್ತ ತಿರುಗಿದರು. ಹೂಂ ಎಂದಿದ್ದರೆ ಮುಗಿದಿತ್ತು. ಹೂಂ ಎನ್ನಲು ಏನು ಖರ್ಚು?

"ಇಲ್ಲ ಸ್ವಾಮಿ. ಆ ಎರಡು ವರ್ಷದವು ಸತ್ತೋದ್ವು. ನಾನೇ ನೀರು ಹಾಕ್ಲಿಲ್ಲ."

ಎಂಥ ಹೆಂಗಸಪ್ಪಾ, ತನ್ನ ಕಾಲ ಮೇಲೆ ತಾನೇ ಚಪ್ಪಡಿ ಎಳೆದುಕೊಂಡಳು! ಸಾಹೇಬರು ಪೆನ್ನು ಹಿಡಿದು ಅವಳ ಮುಖವನ್ನೇ ನೋಡಿದರು. ಸಾಕ್ಷಿ ಇರುವಷ್ಟು ಬರೆಯಬಲ್ಲೆ, ಎರಡು ವರ್ಷ ಬಿಟ್ಟು ಮತ್ತೆ ಬರುತ್ತೇನೆ ಎಂದು ನಿಧಾನವಾಗಿ ಹೇಳಿ, ಎಂಟು ಎಂದು ಬರೆದರು. ಜೀಪು ಹೋದ ಮೇಲೆ ಧರ್ಮಪ್ಪ ಅವಳನ್ನು ಬಾಯಿಗೆ ಬಂದಂತೆ ಬೈದ. ಅವನ ಕಣ್ಣಲ್ಲಿ ನೀರಿತ್ತು.

ಮನೆಯಲ್ಲಿ ದುರುಗಮ್ಮ ಗೋಡೆಗೆ ಒರಗಿ ಅತ್ತಳು. ಕಾಯಂ ಎನ್ನುವುದು ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ, ಸಂಕಟವಾಗದೆ ಇದ್ದೀತೆ? ಯಾಕೆ ಹಾಗಂದೆ ಎಂದು ಕೇಳಿದ ಚಿತ್ತಪ್ಪ.

"ಅವು ಒಣಗಿದ್ದನ್ನ ಕಣ್ಣಾರೆ ನೋಡೀನಿ. ಬದುಕ್ಯಾವೆ ಅಂತ ಹೆಂಗೆ ಹೇಳ್ಲಿ?"

ಮರುದಿನ ಬೆಳಿಗ್ಗೆ ಅವಳು ಎದ್ದಾಗ ಮಂದೆ ಇನ್ನೂ ದೊಡ್ಡಿಯಲ್ಲೇ ಅರಚುತ್ತಿತ್ತು, ಮೂಲೆಯ ಹಾರೆ ಇರಲಿಲ್ಲ. ರಸ್ತೆಗೆ ಹೋಗಿ ನೋಡಿದರೆ, ಕೊನೆಯ ಸಸಿಗಳ ಆಚೆ ಗಂಡ ಬೆವರು ಸುರಿಸುತ್ತ ಗೊರಚು ಅಗೆಯುತ್ತಿದ್ದ. ಆಗಲೇ ಎರಡು ಗುಂಡಿಯಾಗಿದ್ದವು. ಎರಡು ವರ್ಷಕ್ಕೆ ಒಟ್ಟು ಎಂಬತ್ತಲ್ಲವಾ ಎಂದು ಕೇಳಿದ, ತಲೆ ಎತ್ತದೆ.

ದುರುಗಮ್ಮ ಕಣ್ಣೊರೆಸಿಕೊಂಡಳು. ಎರಡು ಗುಂಡಿಗಳ ನಡುವೆ ನಿಂತು, ಮುಖ ಮೇಲೆ ಮಾಡಿ ಬರಿಯ ಆಕಾಶವನ್ನು ನೋಡಿದಳು.

"ಇಷ್ಟು ಹತ್ರ ಬ್ಯಾಡ್ರಿ," ಎಂದಳು. "ದೊಡ್ಡವಾದ ಮ್ಯಾಲೆ ಒಂದರ ಕೊಂಬೆ ಒಂದಕ್ಕೆ ತಾಕ್ತಾವೆ."