ಬ್ರೌಸರಿಗೆ ಕಾಯಲು ಕಲಿಸಿದ ಅಕ್ಕ

ಕೊಪ್ಪದ ಬಸ್ ಸ್ಟ್ಯಾಂಡಿನಿಂದ ಎರಡು ನಿಮಿಷ ನಡೆದರೆ ಒಂದು ಬಟ್ಟೆ ಅಂಗಡಿ. ಅದರ ಮಹಡಿಯ ಮೇಲೆ ನಮ್ಮ ಆಫೀಸು. ಸುತ್ತಲಿನ ಊರುಗಳ ಕ್ಲಿನಿಕ್ಕು, ಲ್ಯಾಬುಗಳಿಗೆ ವೆಬ್‌ಸೈಟ್ ಮಾಡಿಕೊಡುವುದು ಕೆಲಸ. ನಾಲ್ಕು ಜನ ಸೈಟ್ ಕಟ್ಟುತ್ತಿದ್ದರು. ಅದು ಸರಿಯಾಗಿ ನಡೆಯುತ್ತದೆಯೇ ಎಂದು ಪರೀಕ್ಷೆ ಮಾಡುವವರು ಇಬ್ಬರು, ನಾನು ಮತ್ತು ಅಕ್ಕ.

ಅವರು ನನಗೆ ಸಂಬಂಧಿಯಲ್ಲ. ನನಗಿಂತ ಹನ್ನೆರಡು ವರ್ಷ ದೊಡ್ಡವರು. ಬಸರೀಕಟ್ಟೆಯಿಂದ ಬರುತ್ತಿದ್ದರು. ನಾನು ಎನ್.ಆರ್. ಪುರದ ಬಸ್ಸಿಳಿದು ಮೊದಲ ದಿನ ಮೆಟ್ಟಿಲು ಹತ್ತಿದಾಗ ಪಕ್ಕದ ಕುರ್ಚಿ ಎಳೆದು ಕೊಟ್ಟು, ಟೆಸ್ಟಿಂಗ್ ಎಂದರೇನು ಎಂದು ಹೇಳಿಕೊಟ್ಟವರು ಅವರೇ. ಕೋರ್ಸಿನಲ್ಲಿ ನಾನು ಕಲಿತದ್ದು ಬೇರೆ, ಅವರು ಕಲಿಸಿದ್ದು ಬೇರೆ. ಒಂದು ಫಾರಂ ತುಂಬುವಾಗ ಅವರು ಬೇರೆ ಬೇರೆ ಮನುಷ್ಯರಾಗುತ್ತಿದ್ದರು. ಇದು ಕನ್ನಡಕ ಮರೆತು ಬಂದ ಅಜ್ಜ, ಇದು ಮಗುವಿಗೆ ಜ್ವರವೆಂದು ಗಾಬರಿಯಲ್ಲಿರುವ ತಾಯಿ, ಇವಳು ಬಟನ್ ಎರಡು ಸಲ ಒತ್ತಿಯೇ ಒತ್ತುತ್ತಾಳೆ ಎನ್ನುತ್ತಾ ಎರಡು ಸಲ ಒತ್ತುತ್ತಿದ್ದರು. ಸೈಟ್ ಅಲ್ಲೇ ಕೆಟ್ಟು ನಿಲ್ಲುತ್ತಿತ್ತು. ಹಾಗೆ ಸಿಕ್ಕ ತಪ್ಪುಗಳನ್ನೆಲ್ಲ ನೀಲಿ ರಟ್ಟಿನ ಎರಡು ನೋಟ್‌ಬುಕ್‌ಗಳಲ್ಲಿ ಬರೆದಿಟ್ಟಿದ್ದರು.

ಮಧ್ಯಾಹ್ನ ಊಟದ ಡಬ್ಬಿ ತೆರೆದರೆ ಅರ್ಧ ನನ್ನ ಕಡೆ ಬರುತ್ತಿತ್ತು. ನನಗೆ ಬಂದ ಎರಡು ಸಂಬಂಧಗಳು ಮುರಿದಾಗ ಮನೆಯವರಿಗಿಂತ ಮೊದಲು ಹೇಳಿಕೊಂಡದ್ದು ಅವರ ಹತ್ತಿರ. ಹೀಗೆ ಐದು ವರ್ಷ.

ಒಂದು ದಿನ ಮಾಲೀಕರು ಎಲ್ಲರನ್ನೂ ಕೂರಿಸಿ, ಇನ್ನು ಪರೀಕ್ಷೆಯ ಕೆಲಸ ಕೈಯಲ್ಲಿ ಬೇಡ, ಬ್ರೌಸರ್ ತಾನೇ ತೆರೆದು ತಾನೇ ತುಂಬಿ ತಾನೇ ನೋಡುವ ಹಾಗೆ ಮಾಡಬೇಕು ಎಂದರು. ಪ್ರೋಗ್ರಾಮಿಂಗ್ ಸ್ವಲ್ಪ ಗೊತ್ತಿದ್ದುದರಿಂದ ಆ ಕೆಲಸ ನನಗೆ ಬಂತು. ಏನೇನು ಪರೀಕ್ಷಿಸಬೇಕು ಎಂಬುದನ್ನು ಅಕ್ಕ ಹೇಳುವುದು, ನಾನು ಬರೆಯುವುದು.

ಮೊದಲ ವಾರವಿಡೀ ಅದಕ್ಕೆ ಬೇಕಾದ ಟೂಲನ್ನು ಕಂಪ್ಯೂಟರಿನಲ್ಲಿ ಕೂರಿಸುವುದರಲ್ಲೇ ಹೋಯಿತು. ಬ್ರೌಸರನ್ನು ನಡೆಸಲು ಡ್ರೈವರ್ ಎಂಬ ಚಿಕ್ಕ ಪ್ರೋಗ್ರಾಂ ಬೇಕು. ಎರಡರ ವರ್ಷನ್ ಹೊಂದದಿದ್ದರೆ ಒಂದು ಹೆಜ್ಜೆ ಮುಂದೆ ಹೋಗುವುದಿಲ್ಲ. ಡೌನ್‌ಲೋಡ್ ಅರ್ಧಕ್ಕೆ ಬಂದಾಗ ಕರೆಂಟು ಹೋಗುತ್ತಿತ್ತು. ಎಲ್ಲ ಹೊಂದಿತು ಎನ್ನುವಾಗ ಬ್ರೌಸರ್ ತಾನಾಗಿ ಅಪ್‌ಡೇಟ್ ಆಗಿ ಮತ್ತೆ ಕೈ ಕೊಟ್ಟಿತು. ಕೊನೆಗೆ ಗುರುವಾರ ಖಾಲಿ ಕಿಟಕಿಯೊಂದು ತಾನೇ ತೆರೆದುಕೊಂಡು, ಯಾರೂ ಮುಟ್ಟದೆ ಹೆಸರಿನ ಜಾಗದಲ್ಲಿ ಅಕ್ಷರಗಳು ಒಂದೊಂದಾಗಿ ಮೂಡಿದವು. ಅಕ್ಕ ಕುರ್ಚಿಯಿಂದ ಎದ್ದು ನಿಂತು ನೋಡಿದರು. ನನಗಿಂತ ಅವರಿಗೇ ಹೆಚ್ಚು ಖುಷಿಯಾಗಿತ್ತು.

ಮರುದಿನ ಬೆಳಿಗ್ಗೆ ಮಾಲೀಕರು ನನ್ನನ್ನು ಒಬ್ಬಳನ್ನೇ ಒಳಗೆ ಕರೆದರು. ಇದು ಮುಗಿದ ಮೇಲೆ ಟೆಸ್ಟಿಂಗಿಗೆ ಒಬ್ಬರು ಸಾಕು, ನೀವಿರಿ, ಅವರಿಗೆ ಸಮಯ ನೋಡಿ ನಾನೇ ಹೇಳುತ್ತೇನೆ, ಅಲ್ಲಿಯವರೆಗೆ ಬಾಯಿ ಬಿಡಬೇಡಿ ಎಂದರು. ನಾನು ಆಗಲಿ ಎಂದೆ. ಬೇರೆ ಏನಾದರೂ ಹೇಳಬಹುದಿತ್ತು ಎಂಬುದು ಆ ಕ್ಷಣಕ್ಕೆ ಹೊಳೆಯಲೇ ಇಲ್ಲ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. ಹೊಳೆದಿತ್ತು.

ಹೊರಗೆ ಬಂದಾಗ ಅಕ್ಕ ನೋಟ್‌ಬುಕ್ ಬಿಡಿಸಿ ಕಾದಿದ್ದರು. ಅಂದು ಬ್ರೌಸರಿಗೆ ನಾನು ಬರೆದ ಆದೇಶಗಳ ಸ್ಕ್ರಿಪ್ಟ್ ಒಂದೇ ಕಡೆ ಮತ್ತೆ ಮತ್ತೆ ಬೀಳುತ್ತಿತ್ತು. ಡಾಕ್ಟರ ಸಮಯಗಳ ಪಟ್ಟಿ ಪರದೆಗೆ ಬರುವ ಮೊದಲೇ ಅದು ಒತ್ತಲು ಹೋಗಿ, ಬಟನ್ ಸಿಗಲಿಲ್ಲ ಎಂದು ನಿಲ್ಲುತ್ತಿತ್ತು. ನಾನು ಐದು ಸೆಕೆಂಡು ಸುಮ್ಮನಿರು ಎಂದು ಬರೆದೆ. ನೆಟ್ ನಿಧಾನವಿದ್ದರೆ ಅದೂ ಸಾಲುತ್ತಿರಲಿಲ್ಲ. ಅಕ್ಕ ನೋಡುತ್ತಲೇ ಇದ್ದರು.

"ಎಂತಕ್ಕೆ ಅಷ್ಟು ಹೊತ್ತು, ಇಷ್ಟು ಹೊತ್ತು ಅಂತ ಲೆಕ್ಕ ಹಾಕ್ತಿ ಮಾರಾಯ್ತಿ? ಪಟ್ಟಿ ಕಾಣುವವರೆಗೆ ತಡಿ ಅಂತ ಹೇಳು ಅದಕ್ಕೆ. ನಾನು ಹಾಗೇ ಅಲ್ವನ ಮಾಡುದು?"

ಅದೇ ಸರಿಯಾದ ದಾರಿಯಾಗಿತ್ತು. ಹಾಗೆ ಬರೆದ ಮೇಲೆ ಅದು ಮತ್ತೆ ಬೀಳಲಿಲ್ಲ. ಅವರು ನನ್ನ ಬೆನ್ನಿಗೊಂದು ಮೆಲ್ಲಗೆ ಹೊಡೆದು ಚಹಾ ಹೇಳಲು ಹೋದರು. ನಾನು ಪರದೆ ನೋಡುತ್ತಾ ಕೂತೆ.

ಮೂರು ವಾರ ಹೀಗೇ ನಡೆಯಿತು. ನೋಟ್‌ಬುಕ್ಕಿನ ಒಂದೊಂದೇ ಪುಟ ಅವರು ಓದುತ್ತಿದ್ದರು, ನಾನು ಬರೆಯುತ್ತಿದ್ದೆ. ಬರೆದ ಸಾಲಿನ ಪಕ್ಕ ಅವರೇ ಪೆನ್ಸಿಲಿನಿಂದ ಗುರುತು ಹಾಕುತ್ತಿದ್ದರು. ದಿನಾ ಬಸ್ಸಿನಲ್ಲಿ ಇವತ್ತು ಹೇಳಿಬಿಡುತ್ತೇನೆ ಎಂದುಕೊಳ್ಳುತ್ತಿದ್ದೆ. ಅವರು ಡಬ್ಬಿ ತೆರೆದು ನನ್ನ ಕಡೆ ತಳ್ಳಿದ ಮೇಲೆ ಬಾಯಿ ಬರುತ್ತಿರಲಿಲ್ಲ.

ಕೊನೆಯ ಪುಟ ಮುಗಿದ ಶನಿವಾರ ಮಾಲೀಕರು ಅವರನ್ನು ಕರೆದರು. ಹತ್ತು ನಿಮಿಷವೂ ಆಗಲಿಲ್ಲ. ಹೊರಗೆ ಬಂದು ಚೀಲಕ್ಕೆ ಡಬ್ಬಿ, ಕೊಡೆ ಹಾಕಿಕೊಂಡರು. ನೋಟ್‌ಬುಕ್ಕುಗಳನ್ನು ಮೇಜಿನ ಮೇಲೇ ಬಿಟ್ಟರು. ನಾನು ಮೆಟ್ಟಿಲಿನವರೆಗೂ ಹಿಂದೆ ಹೋದೆ.

"ನಿಂಗೆ ಮೊದಲೇ ಗೊತ್ತಿತ್ತಾ?" ಎಂದು ಕೇಳಿದರು.

ಗೊತ್ತಿತ್ತು ಎಂದೆ. ಯಾವತ್ತಿಂದ ಎಂದು ಕೇಳಿದರು. ಬ್ರೌಸರ್ ಮೊದಲು ತೆರೆದುಕೊಂಡ ಮರುದಿನದಿಂದ ಎಂದೆ. ಅವರು ಬೆರಳು ಮಡಚಿ ದಿನ ಎಣಿಸಿದರು.

"ಅಂದ್ರೆ, ನಾನು ತಡಿ ಅಂತ ಹೇಳಿಕೊಡುವಾಗ ಗೊತ್ತಿತ್ತು."

ಅದು ಪ್ರಶ್ನೆಯಾಗಿರಲಿಲ್ಲ. ಗೋಡೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದು ಹೋದರು.

ಆಮೇಲೆ ಅವರು ನನ್ನ ಫೋನ್ ಎತ್ತಲಿಲ್ಲ. ದಿನಾ ಬೆಳಿಗ್ಗೆ ಸ್ಕ್ರಿಪ್ಟ್ ಓಡಿ, ಎಲ್ಲ ಸರಿಯಿದೆ ಎಂದು ಪರದೆಯ ಸಾಲುಗಳೆಲ್ಲ ಹಸಿರಾಗುತ್ತಿದ್ದವು. ಅಕ್ಕ ನಟಿಸುತ್ತಿದ್ದ ಅಜ್ಜ, ಎರಡು ಸಲ ಬಟನ್ ಒತ್ತುವ ತಾಯಿ, ಎಲ್ಲರೂ ಅದರೊಳಗಿದ್ದರು. ಪಕ್ಕದ ಕುರ್ಚಿಯ ಮೇಲೆ ಯಾರೋ ಪ್ರಿಂಟರ್ ತಂದಿಟ್ಟರು.

ನಾಲ್ಕು ತಿಂಗಳಾದ ಮೇಲೆ ಶೃಂಗೇರಿಯ ಒಂದು ಲ್ಯಾಬಿನಿಂದ ದೂರು ಬಂತು. ನಮ್ಮ ಪರೀಕ್ಷೆಯಲ್ಲಿ ಎಲ್ಲವೂ ಹಸಿರು. ಆದರೆ ಸಣ್ಣ ಫೋನುಗಳಲ್ಲಿ ಅಕ್ಷರ ಒತ್ತುವ ಕೀಬೋರ್ಡ್ ಮೇಲೆ ಬಂದು ಬಟನ್ನನ್ನೇ ಮುಚ್ಚುತ್ತಿತ್ತು, ಜನರಿಗೆ ಬುಕ್ ಮಾಡಲಾಗುತ್ತಿರಲಿಲ್ಲ. ಕಂಪ್ಯೂಟರಿನಲ್ಲಿ ಓಡುವ ಸ್ಕ್ರಿಪ್ಟಿಗೆ ಅದು ಕಾಣುವುದೇ ಇಲ್ಲ. ಮಾಲೀಕರು ನನ್ನನ್ನು ಕರೆದು, ಕೈಯಲ್ಲೇ ಪರೀಕ್ಷೆ ಮಾಡಲು ವಾರಕ್ಕೆರಡು ದಿನವಾದರೂ ನಿಮ್ಮ ಅಕ್ಕ ಬರಬಹುದಾ, ನೀವೇ ಕೇಳಿ ನೋಡಿ ಎಂದರು.

ಭಾನುವಾರ ಬಸರೀಕಟ್ಟೆಗೆ ಹೋದೆ. ಅವರು ಒಂದು ಎಸ್ಟೇಟಿನಲ್ಲಿ ಆಳುಗಳ ಹಾಜರಿ ಬರೆಯುವ ಕೆಲಸಕ್ಕೆ ಸೇರಿದ್ದರು. ಜಗಲಿಯಲ್ಲಿ ಕೂರಿಸಿ ಕಾಫಿ ಕೊಟ್ಟರು. "ಸಕ್ಕರೆ ಸಾಕಾ ನಿಮಗೆ?" ಎಂದರು. ಐದು ವರ್ಷ ಏಕವಚನದಲ್ಲೇ ಮಾತಾಡಿಸಿದವರು. ಸಾಕು ಎಂದು ಲೋಟ ತೆಗೆದುಕೊಂಡೆ. ಅವರು ಬೇರೆ ಕಡೆ ನೋಡಿದರು.

ಬಂದ ಕೆಲಸ ಹೇಳಿದೆ. ಕೀಬೋರ್ಡಿನ ವಿಷಯ ಕೇಳಿ, ಫೋನ್ ಕೈಯಲ್ಲಿ ಹಿಡಿದೇ ನೋಡಬೇಕಿತ್ತು ಎಂದಷ್ಟೇ ಅಂದರು. ಕೆಲಸಕ್ಕೆ ಮಾತ್ರ ಬರುವುದಿಲ್ಲ ಎಂದರು. ನಾನು ತಪ್ಪಾಯಿತು ಅಕ್ಕ ಎಂದೆ. ನಾಲ್ಕು ತಿಂಗಳಿಂದ ಕಟ್ಟಿಕೊಂಡಿದ್ದ ಮಾತುಗಳಲ್ಲಿ ಬಾಯಿಗೆ ಬಂದದ್ದು ಅಷ್ಟೇ.

"ಅವ್ರು ಹೇಳದೆ ಇದ್ದದ್ದು ಬಿಡಿ. ಅವ್ರು ಯಜಮಾನ್ರು. ನೀವು ನನ್ನ ಪಕ್ಕದಲ್ಲೇ ಕೂತಿದ್ರಿ."

ಸಿಟ್ಟಿನಲ್ಲಿ ಹೇಳಲಿಲ್ಲ. ಸಿಟ್ಟಿದ್ದಿದ್ದರೆ ಹಿಡಿದುಕೊಳ್ಳಲು ನನಗೆ ಏನಾದರೂ ಸಿಗುತ್ತಿತ್ತೇನೋ. ಕೊಪ್ಪಕ್ಕೆ ಹೋಗುವ ಜೀಪು ಬರುವವರೆಗೆ ರಸ್ತೆಯ ಬದಿ ನನ್ನ ಜೊತೆ ನಿಂತಿದ್ದರು. ಮನೆಗೆ ಬಂದವರನ್ನು ಹಾಗೆ ಕಳಿಸುವುದು ರೂಢಿ, ಅದಕ್ಕೆ ನಿಂತರು ಅಷ್ಟೇ.

ಸೋಮವಾರ ಮಾಲೀಕರು ನನ್ನನ್ನು ಕರೆದು, ಅವರು ಏನಂದರು ಎಂದು ಕೇಳಿದರು. ಬಂದು ಹೋಗುವುದು ದೂರ ಆಗುತ್ತದಂತೆ ಸರ್ ಎಂದೆ. ಹೌದಾ ಎಂದು ಅವರು ನಂಬಿದರು. ನಾನು ನನ್ನ ಕುರ್ಚಿಗೆ ಬಂದು, ಹೊಸ ಸೈಟಿನ ಪರೀಕ್ಷೆ ಬರೆಯಲು ಕೂತೆ.