ಸೋಮವಾರದ ಗುಳಿಗೆ

ಹರೆಯದ ಮಕ್ಕಳಿಗೆ ಆರೋಗ್ಯದ ಪಾಠ ಹೇಳುವುದು ನನ್ನ ನೌಕರಿ. ಹಾನಗಲ್ಲಿನಲ್ಲಿ ಬಸ್ಸು ಹತ್ತಿದರೆ ಒಂದು ದಿನ ಶಿಗ್ಗಾಂವಿ ಕಡೆಯ ಶಾಲೆ, ಒಂದು ದಿನ ಸವಣೂರು, ಇನ್ನೊಂದು ದಿನ ಹಿರೇಕೆರೂರು. ಮುಟ್ಟಿನ ಮಾತೆತ್ತಿದರೆ ಹುಡುಗರನ್ನು ಆಟಕ್ಕೆ ಅಟ್ಟುತ್ತಾರೆ. ಹುಡುಗಿಯರು ಡೆಸ್ಕಿನಲ್ಲಿ ಮುಖ ಹುದುಗಿಸುತ್ತಾರೆ. ಮಾಸ್ತರರು ಕಿಟಕಿಯಾಚೆ ಏನೋ ಘನಂದಾರಿ ಕೆಲಸ ನಡೆದಿದೆ ಎಂಬಂತೆ ಅತ್ತ ತಿರುಗಿ ನಿಲ್ಲುತ್ತಾರೆ. ನಾನು ಗೋಡೆಗೆ ಪಾಠ ಹೇಳಿ ಬರುತ್ತೇನೆ.

ಬಂಕಾಪುರದ ಆಚೆಯ ಒಂದು ಹಳ್ಳಿಯಲ್ಲಿ ಮಾತ್ರ ಒಬ್ಬಳು ಮುಖ ಎತ್ತಿ ಕೂತಿರುತ್ತಿದ್ದಳು. ಒಂಬತ್ತನೆಯ ತರಗತಿಯ ಹುಡುಗಿ. ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದೆ. ಕೆಂಪೇ ಇರಲಿಲ್ಲ. ನೀರಿನ ಕೊಡ ಹೊತ್ತು ತಂದರೆ ಏದುಸಿರು, ಓದಲು ಕೂತರೆ ತಲೆಸುತ್ತು. ತಾಯಿಯೂ ಹೀಗೇ ಬಿಳುಚಿಕೊಂಡು, ಎರಡನೆಯ ಹೆರಿಗೆಯಲ್ಲಿ ಹೋಗಿದ್ದಳು. ಸಾಕಿದ್ದು ಅಜ್ಜಿ. ವಾರಕ್ಕೊಂದು ಕಬ್ಬಿಣಾಂಶದ ನೀಲಿ ಗುಳಿಗೆಯನ್ನು ಶಾಲೆಯಲ್ಲೇ ಕೊಡುತ್ತಾರೆ, ಒಂದು ವಾರವೂ ತಪ್ಪಿಸಬೇಡ ಎಂದು ನಾನು ಅವಳಿಗೆ ಒತ್ತಿ ಒತ್ತಿ ಹೇಳಿದೆ. ಅವಳು ತಪ್ಪಿಸಲಿಲ್ಲ. ಒಂದು ದಿನ ನನ್ನ ಚೀಲ ಹೊತ್ತು ಗೇಟಿನ ತನಕ ಬಂದು, "ಅಕ್ಕಾರ, ಮುಂದ ನಾನೂ ನಿಮ್ಹಂಗ ಆಕ್ಕೇನಿ ನೋಡ್ರಿ" ಎಂದಳು. ಈ ಕೆಲಸದಲ್ಲಿ ನನಗೆ ಸಿಕ್ಕ ಬಹುಮಾನ ಅದೊಂದೇ. ಬಸ್ಸಿನಲ್ಲಿ ಕೂತು ಒಬ್ಬಳೇ ನಕ್ಕಿದ್ದೆ.

ಈ ಗುಳಿಗೆ ಕೊಡುವ ವಾರ ಸೋಮವಾರ. ಯಾರು ಗೊತ್ತು ಮಾಡಿದರೋ, ಅವರ ಮನೆಯಲ್ಲಿ ಯಾರೂ ಸೋಮವಾರ ಹಿಡಿದವರಿಲ್ಲ ಎಂದು ಕಾಣುತ್ತದೆ. ನಮ್ಮ ಕಡೆ ಶ್ರಾವಣ ಬಂತೆಂದರೆ ಮನೆಮನೆಯಲ್ಲಿ ಹೆಣ್ಣುಮಕ್ಕಳು ಸೋಮವಾರ ಒಪ್ಪತ್ತು ಇರುತ್ತಾರೆ. ಹಗಲೆಲ್ಲ ಹೊಟ್ಟೆಗಿಲ್ಲ, ಸಂಜೆ ಪೂಜೆ ಆದ ಮೇಲೆ ಒಂದೇ ಊಟ. ನನಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಲಗ್ನವಾಗಿ ವರ್ಷಗಳಾದರೂ ಮಡಿಲು ತುಂಬದ ನನ್ನಿಂದ ಅತ್ತೆ ಹದಿನಾರು ಸೋಮವಾರ ಹಿಡಿಸಿದ್ದರು. ಖಾಲಿ ಹೊಟ್ಟೆಗೆ ಈ ಗುಳಿಗೆ ಬಿದ್ದರೆ ಕರುಳು ಹಿಂಡುತ್ತದೆ, ಶ್ರಾವಣದ ಮಟ್ಟಿಗಾದರೂ ಮಂಗಳವಾರ ಮಾಡಿ ಎಂದು ಇಲಾಖೆಯ ಸಭೆಯಲ್ಲಿ ಎದ್ದು ನಿಂತು ಕೇಳಿದ್ದೆ. ಊಟವಾದ ಮೇಲೆ ಕೊಡಿ ಎಂದು ಆದೇಶವೇ ಇದೆಯಲ್ಲ, ಮತ್ತೇನು ತಕರಾರು ಎಂದರು ಸಾಹೇಬರು. ದೇವರು ವರ ಕೊಟ್ಟರೂ ಪೂಜಾರಿ ಕೊಡ. ಚಹಾ ಬಂತು, ಸಭೆ ಮುಗಿಯಿತು.

ಶ್ರಾವಣದ ಎರಡನೆಯ ಸೋಮವಾರ ಶಾಲೆಯಿಂದ ಫೋನು. ಹುಡುಗಿ ಗುಳಿಗೆ ನುಂಗಿ, ವಾಂತಿ ಮಾಡಿಕೊಂಡು, ಮೂರ್ಛೆ ಹೋಗಿ ಬಿದ್ದಿದ್ದಳು. ಅಜ್ಜಿ ಹೇಳಿದ ಒಪ್ಪತ್ತನ್ನೂ ಬಿಡಲಿಲ್ಲ, ನಾನು ಹೇಳಿದ ಗುಳಿಗೆಯನ್ನೂ ಬಿಡಲಿಲ್ಲ. ಗುಳಿಗೆ ಅನ್ನವಲ್ಲ, ನುಂಗಿದರೆ ಒಪ್ಪತ್ತು ಮುರಿಯುವುದಿಲ್ಲ ಎಂದು ತಾನೇ ತೀರ್ಮಾನಿಸಿಕೊಂಡಿದ್ದಳಂತೆ. ಊಟ ಆಯಿತೇ ಎಂದು ಮಾಸ್ತರರು ಕೇಳಿದ್ದಕ್ಕೆ ಹೂಂ ಅಂದಿದ್ದಳಂತೆ. ಇಬ್ಬರು ದೊಡ್ಡವರ ಮಾತು ಮೀರದ ಕೂಸಿಗೆ ಸಿಕ್ಕ ಫಲ ಇದು.

ಊರ ಬಾಯಿಗೆ ಮುಚ್ಚಳ ಉಂಟೇ? ಸಂಜೆಯೊಳಗೆ ಅದು ಮಕ್ಕಳಾಗದಂತೆ ಮಾಡುವ ಗುಳಿಗೆಯಾಯಿತು. ಅದನ್ನು ನುಂಗಿದರೆ ಮಲ ಕಪ್ಪಾಗುತ್ತದೆ, ಅದೂ ಸಾಕ್ಷಿಗೆ ಒದಗಿತು. ಅಪ್ಪ ಮಗಳನ್ನು ಶಾಲೆ ಬಿಡಿಸಿದ. ನಮ್ಮಲ್ಲಿ ಶಾಲೆ ಬಿಟ್ಟ ಹುಡುಗಿ ಎಂದರೆ ವರ ನೋಡುವ ಹುಡುಗಿ. ಆ ರಕ್ತವಿಲ್ಲದ ಮೈಗೆ ಲಗ್ನ, ಅದರ ಹಿಂದೆಯೇ ಬಸಿರು, ಆಮೇಲೆ ಅವಳ ತಾಯಿಗಾದದ್ದೇ.

ಮೂರನೆಯ ದಿನ ಅವಳ ಮನೆಗೆ ಹೋದೆ. ಜಿಟಿಜಿಟಿ ಮಳೆ. ಛತ್ರಿಯನ್ನು ಬಾಗಿಲ ಬಳಿ ಇಟ್ಟು ಒಳಗೆ ಬಂದೆ. ಅಜ್ಜಿ ಬೈಯಲಿಲ್ಲ. ಕುಂದರಿಸಿ ನೀರು, ಬೆಲ್ಲ ಕೊಟ್ಟಳು. ಅಪ್ಪ ಕಂಬಕ್ಕೆ ಒರಗಿ ನೆಲ ನೋಡುತ್ತಿದ್ದ. ಹುಡುಗಿ ಅಡುಗೆಮನೆಯ ಹೊಸ್ತಿಲಲ್ಲಿ. ನಾನು ಗೊತ್ತಿದ್ದದ್ದೆಲ್ಲ ಹೇಳಿದೆ. ಕಾನೂನು ಹೇಳಿದೆ, ಅಜ್ಜಿಗೆ ಸತ್ತ ಸೊಸೆಯನ್ನು ನೆನಪಿಸಿದೆ, ಕೊನೆಗೆ ಕೈ ಮುಗಿದೆ. ಹುಡುಗೀದು ಲಗ್ನ ಇನ್ನೂ ಗೊತ್ತಾಗಿಲ್ಲ, ಮನಿಯಾಗ ಇದ್ರ ತಪ್ಪೇನು ಎಂಬುದೊಂದೇ ಅಪ್ಪನ ಮಾತು. ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು.

ಬೇರೆ ದಾರಿ ಕಾಣದೆ ಚೀಲದಿಂದ ಗುಳಿಗೆಯ ಸ್ಟ್ರಿಪ್ ತೆಗೆದು, ಎಲ್ಲರೂ ನೋಡುವಂತೆ ಒಂದನ್ನು ಬಾಯಿಗೆ ಹಾಕಿ, ಅವರು ಕೊಟ್ಟ ನೀರಿನಿಂದಲೇ ನುಂಗಿದೆ. ವಿಷವಾಗಿದ್ದರೆ ನಾನು ನುಂಗುತ್ತಿದ್ದೆನೇ ಎಂದು ಕೇಳಿದೆ. ಉಳಿದದ್ದನ್ನು ಅಜ್ಜಿಯ ಮುಂದೆ ಇಟ್ಟೆ.

ಅಜ್ಜಿ ಬಹಳ ಹೊತ್ತು ನನ್ನ ಕೊರಳ ತಾಳಿಯನ್ನೇ ನೋಡಿದಳು.

"ನಿನಗ ಮಕ್ಳೆಷ್ಟವ್ವಾ?"

ಸುಳ್ಳು ಹೇಳಬಹುದಿತ್ತು. ಇಬ್ಬರು ಎಂದಿದ್ದರೆ ಮುಗಿದಿತ್ತು. ಆದರೆ ಆ ಮಾತಿಗೆ ನನ್ನ ನಾಲಿಗೆ ಹೊರಳುವುದಿಲ್ಲ, ಯಾವತ್ತೂ ಹೊರಳಿಲ್ಲ.

"ಇಲ್ರಿ," ಎಂದೆ.

ಅಜ್ಜಿ ಹತ್ತಿರ ಸರಿದು ನನ್ನ ತಲೆಯ ಮೇಲೆ ಕೈಯಿಟ್ಟಳು. ಅವಳ ಕಣ್ಣು ತುಂಬಿತ್ತು.

"ನಿನಗೂ ಆವಾಗ ಈ ಗುಳಿಗಿ ಬ್ಯಾಡ ಅಂತ ಯಾರೂ ಅನ್ನಲಿಲ್ಲೇನ ನನ್ನವ್ವಾ?"

ಬೈದಿದ್ದರೆ ಜಗಳವಾಡುತ್ತಿದ್ದೆ, ಜಗಳದಲ್ಲಿ ನಾನು ಹಿಂದೆ ಬೀಳುವವಳಲ್ಲ. ಅಜ್ಜಿಯದು ಕರುಣೆ. ನಾನು ಚಿಕ್ಕವಳಿದ್ದಾಗ ಇಂಥ ಗುಳಿಗೆಯನ್ನು ಕಂಡೇ ಇರಲಿಲ್ಲ ಎಂದೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದೆ. ಹೇಳಿದಷ್ಟೂ ನನ್ನ ಮಾತು ನನಗೇ ನೆಪದಂತೆ ಕೇಳಿಸಿತು. ಅಪ್ಪ ಎದ್ದು ದನದ ಕಡೆ ಹೋದ.

ರಸ್ತೆಗೆ ಬಂದು ಮಳೆಯಲ್ಲಿ ನೆನೆಯುತ್ತ ನಿಂತಾಗ ಛತ್ರಿ ಮರೆತದ್ದು ಗೊತ್ತಾಯಿತು. ಅಷ್ಟರಲ್ಲಿ ಹುಡುಗಿ ಅದನ್ನು ಹಿಡಿದು ಬಂದಳು. ಅಷ್ಟು ದೂರಕ್ಕೇ ಏದುಸಿರು, ತುಟಿ ಬೆಳ್ಳಗೆ. ದೊಡ್ಡವರು ಏನಾದರೂ ಅನ್ನಲಿ, ಇವಳಿಗೆ ನಾನು ಕಲಿಸಿದ್ದೇನಲ್ಲ, ಇವಳಿಗೆ ಗೊತ್ತಲ್ಲ ಎಂದು ನನ್ನ ಜೀವ ಅಲ್ಲಿಗೆ ಅಂಟಿಕೊಂಡಿತು. ಕದ್ದಾದರೂ ನುಂಗು, ಸಂಜೆ ಊಟ ಆದ ಮೇಲೆ ನುಂಗು ಎಂದು ಪಿಸುಗುಟ್ಟಿದೆ.

ಅವಳು ಛತ್ರಿ ಕೊಟ್ಟಳು. ಸೆರಗಿನಂತೆ ಹೊದ್ದ ಓಢಣಿಯೊಳಗಿಂದ ಆ ಸ್ಟ್ರಿಪ್ ತೆಗೆದು, ಅದನ್ನೂ ನನ್ನ ಕೈಗಿಟ್ಟಳು.

"ನಿಮ್ಹಂಗ ಆಕ್ಕೇನಿ ಅಂದಿದ್ದೆ ಅಕ್ಕಾರ," ಎಂದಳು, ನನ್ನ ಮುಖ ನೋಡದೆ. "ಬ್ಯಾಡ್ರಿ. ನನಗ ಅಂಜಿಕಿ ಆಕ್ಕೈತಿ."

ಮನೆಯೊಳಗಿಂದ ಅಜ್ಜಿ ಕೂಗಿದಳು. ಹುಡುಗಿ ಬೇಗ ನಡೆಯಲಾರದೆ, ನಡುವೆ ಒಂದು ಕಡೆ ಗೋಡೆ ಹಿಡಿದು ನಿಂತು, ಆಮೇಲೆ ಒಳಗೆ ಹೋದಳು.